ಹಾರ್ವರ್ಡ್ ಬಾಗಿಲ ಮುಂದೆ ಎಷ್ಟು ಸಾಲು?

ವೈಟ್‌ಫೀಲ್ಡ್‌ನ ಯಾವುದಾದರೂ ಇಂಟರ್‌ನ್ಯಾಷನಲ್ ಶಾಲೆಯ ಹನ್ನೆರಡನೇ ತರಗತಿಯನ್ನು ಊಹಿಸಿಕೊಳ್ಳಿ. ಒಂದೇ ಬೆಂಚಿನಲ್ಲಿ ಇಬ್ಬರು ಹುಡುಗಿಯರು. ಅಂಕಗಳು ಹೆಚ್ಚುಕಡಿಮೆ ಸಮ. ಇಬ್ಬರ ಎಸ್‌ಎಟಿ ಸ್ಕೋರೂ 1,550ರ ಆಸುಪಾಸು. ಇಬ್ಬರ ಅಪ್ಪಂದಿರೂ ಸಾಫ್ಟ್‌ವೇರ್‌ನವರೇ. ವ್ಯತ್ಯಾಸ ಇಷ್ಟೇ: ಒಬ್ಬಳ ಅಪ್ಪ-ಅಮ್ಮ ಒಂದಷ್ಟು ಕಾಲ ಕ್ಯಾಲಿಫೋರ್ನಿಯಾದಲ್ಲಿದ್ದು ಬಂದವರು. ಅವಳು ಹುಟ್ಟಿದ್ದು ಅಲ್ಲಿ, ಬೆಳೆದದ್ದೆಲ್ಲ ಇಲ್ಲಿ. ಹಾಗಾಗಿ ಅವಳ ಬಳಿ ಅಮೆರಿಕದ ಪಾಸ್‌ಪೋರ್ಟ್ ಇದೆ. ಇಬ್ಬರೂ ಅದೇ ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. ಪೌರತ್ವದ ಕಾಲಂ ದಾಟಿ ‘ಹಣದ ನೆರವು ಬೇಕೇ?’ ಎಂಬ ಪ್ರಶ್ನೆಗೆ ಬರುವ ಹೊತ್ತಿಗೆ ಬೆಂಚು ಎರಡು ಹೋಳಾಗಿರುತ್ತದೆ. ಅಮೆರಿಕದ ಪ್ರಜೆಗೆ ಅಲ್ಲಿನ ಫೆಡರಲ್ ಸರ್ಕಾರದ ಸಾಲ, ನೆರವಿನ ದಾರಿ ತೆರೆದಿದೆ. ಅವಳು ಎಷ್ಟು ನೆರವು ಕೇಳಿದ್ದಾಳೆ ಎಂಬುದನ್ನು ನೋಡದೆಯೇ ಪ್ರವೇಶ ನಿರ್ಧರಿಸುವ ಕಾಲೇಜುಗಳು ಹತ್ತಾರಿವೆ. ಪಕ್ಕದಲ್ಲಿ ಕೂತ ಗೆಳತಿಯ ವಿಷಯದಲ್ಲಿ ಅಂಥ ಕಾಲೇಜುಗಳನ್ನು ಎರಡು ಕೈಗಳ ಬೆರಳಲ್ಲೇ ಎಣಿಸಿ ಮುಗಿಸಬಹುದು.

ಇದೇ ಕತೆ ತಿರುವುಮುರುವಾಗಿ ಅಮೆರಿಕದ ಫ್ರೀಮಾಂಟ್‌ನಲ್ಲೋ ಎಡಿಸನ್‌ನಲ್ಲೋ ನಡೆಯುತ್ತಿರುತ್ತದೆ. ಎರಡು ವರ್ಷದ ಕೂಸಾಗಿದ್ದಾಗ ಹಾಸನದಿಂದ ಅಪ್ಪನ ಎಚ್-1ಬಿ ವೀಸಾದ ಬೆನ್ನಿಗೆ ಹೋದ ಹುಡುಗ. ಕಿಂಡರ್‌ಗಾರ್ಟನ್‌ನಿಂದ ಹೈಸ್ಕೂಲಿನವರೆಗೆ ಓದಿದ್ದು ಅಲ್ಲೇ, ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಅಮೆರಿಕನ್ ಉಚ್ಚಾರಣೆಯಲ್ಲಿ ನಾಡಗೀತೆ ಹಾಡಿದವನು. ಆದರೆ ಭಾರತೀಯರ ಗ್ರೀನ್ ಕಾರ್ಡ್ ಸರದಿ ದಶಕಗಳಷ್ಟು ಉದ್ದ. ಅಪ್ಪನ ಸರದಿ ಬರುವ ಮುಂಚೆಯೇ ಮಗ ಕಾಲೇಜಿಗೆ ಬಂದುಬಿಡುತ್ತಾನೆ. ಎಚ್-4 ಎಂಬ ಅವಲಂಬಿತ ವೀಸಾ ಮೇಲಿರುವ ಅವನಿಗೆ ಫೆಡರಲ್ ನೆರವು ಇಲ್ಲ. ಎಷ್ಟೋ ಕಾಲೇಜುಗಳು ಅವನನ್ನು ವಿದೇಶಿ ವಿದ್ಯಾರ್ಥಿಗಳ ಪಟ್ಟಿಗೇ ಸೇರಿಸುತ್ತವೆ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಆ ವೀಸಾ ಮುಗಿಯುತ್ತದೆ. ತಾನು ಬೆಳೆದ ಊರಿನಲ್ಲಿ ಉಳಿಯಲು ಅವನು ವಿದ್ಯಾರ್ಥಿ ವೀಸಾಕ್ಕೆ ಮೊರೆಹೋಗಬೇಕು.

ಹಾಗಾದರೆ ‘ನಮ್ಮ ಮಗುವಿಗೆ ಸೀಟು ಸಿಗುವ ಸಾಧ್ಯತೆ ಎಷ್ಟು?’ ಎಂದು ಕೇಳುವ ತಂದೆ-ತಾಯಿಗೆ ಏನು ಹೇಳುವುದು? ಗೂಗಲ್ ಹೇಳುವ ಉತ್ತರ ಸಲೀಸು. 2025ರಲ್ಲಿ ಒಳಹೋದ ತಂಡಕ್ಕೆ ಹಾರ್ವರ್ಡ್‌ಗೆ ಬಂದ ಅರ್ಜಿಗಳು 47,893, ಪ್ರವೇಶ ದೊರೆತದ್ದು 2,003 ಮಂದಿಗೆ. ಅಂದರೆ ಶೇ 4.18. ಅದರ ಹಿಂದಿನ ವರ್ಷ ಸ್ಟ್ಯಾನ್‌ಫರ್ಡ್‌ಗೆ 57,326 ಅರ್ಜಿ ಬಂದು 2,067 ಮಂದಿ ಆಯ್ಕೆಯಾದರು. ಅದು ಶೇ 3.6. ನೂರಕ್ಕೆ ನಾಲ್ಕು ಎಂದರೆ ಕಷ್ಟ, ಆದರೂ ನಮ್ಮ ಹುಡುಗಿ ತರಗತಿಗೇ ಮೊದಲಲ್ಲವೇ ಎಂಬ ಆಸೆ ಮನೆಯಲ್ಲಿ ಚಿಗುರುತ್ತದೆ.

ತಿರುಪತಿಗೆ ಹೋಗಿಬಂದವರಿಗೆ ಈ ಲೆಕ್ಕದ ಪೊಳ್ಳು ಬೇಗ ಅರ್ಥವಾದೀತು. ಧರ್ಮದರ್ಶನದ ಸಾಲು ಬೇರೆ, ಮುನ್ನೂರು ರೂಪಾಯಿ ಟಿಕೆಟ್ಟಿನ ಸಾಲು ಬೇರೆ, ವಿಐಪಿ ಬ್ರೇಕ್ ಬೇರೆ. ಎಲ್ಲರನ್ನೂ ಒಟ್ಟುಹಾಕಿ ‘ಸರಾಸರಿ ಇಷ್ಟು ಗಂಟೆ ಕಾಯಬೇಕು’ ಎಂದು ಬೋರ್ಡು ಬರೆದರೆ ಯಾವ ಸಾಲಿನವನಿಗೂ ಅದರಿಂದ ಉಪಯೋಗವಿಲ್ಲ. ಶೇ 4 ಎಂಬುದು ಅಂಥ ಬೋರ್ಡು.

ಹಾರ್ವರ್ಡ್‌ನ ಒಳಗಿನ ಸಾಲುಗಳ ವಿವರ ಜಗತ್ತಿಗೆ ತಿಳಿದದ್ದು ವಿಶ್ವವಿದ್ಯಾಲಯ ತಾನಾಗಿ ಹೇಳಿದ್ದರಿಂದಲ್ಲ, ಕೋರ್ಟು ಕೇಳಿದ್ದರಿಂದ. ಏಷ್ಯಾ ಮೂಲದ ಅರ್ಜಿದಾರರಿಗೆ ಅನ್ಯಾಯವಾಗುತ್ತಿದೆ ಎಂಬ ದಾವೆ 2018ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂತು. ಜನಾಂಗವನ್ನು ಪ್ರವೇಶದ ಮಾನದಂಡ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ತೀರ್ಪಿತ್ತದ್ದು ಇದೇ ವ್ಯಾಜ್ಯದಲ್ಲಿ. ತೀರ್ಪಿಗಿಂತ ನನಗೆ ಕುತೂಹಲ ಹುಟ್ಟಿಸಿದ್ದು ವಿಚಾರಣೆಯ ಕಡತ. ಆರು ವರ್ಷಗಳ ಅರ್ಜಿಗಳ ಲೆಕ್ಕ ಅಲ್ಲಿ ಬಯಲಾಯಿತು. ತಂಡಕ್ಕೆಂದು ಕೋಚ್‌ಗಳೇ ಆರಿಸಿದ ಆಟಗಾರರಲ್ಲಿ ಶೇ 86ರಷ್ಟು ಮಂದಿಗೆ ಪ್ರವೇಶ. ಅಪ್ಪನೋ ಅಮ್ಮನೋ ಅಲ್ಲಿ ಓದಿದ್ದರೆ, ಅದೇ ‘ಲೆಗಸಿ’, ಮೂವರಲ್ಲಿ ಒಬ್ಬರಿಗೆ. ಇದರ ಜೊತೆಗೆ ಅಧ್ಯಾಪಕರ ಮಕ್ಕಳು, ದಾನಿಗಳ ನಂಟಿರುವ ‘ಡೀನ್ ಪಟ್ಟಿ’ಯವರು. ಆಯ್ಕೆಯಾದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ 43ಕ್ಕೂ ಹೆಚ್ಚು ಮಂದಿ ಈ ನಾಲ್ಕರಲ್ಲೊಂದು ಬಾಗಿಲಿನಿಂದ ಬಂದವರು. ಅವರನ್ನೆಲ್ಲ ಕಳೆದು ಉಳಿದ ಸೀಟುಗಳನ್ನು ಉಳಿದ ಅರ್ಜಿಗಳಿಂದ ಭಾಗಿಸಿ ನೋಡಿ, ನಮ್ಮ ಹುಡುಗಿಯ ಶೇ 4 ಎಲ್ಲಿಗೆ ಇಳಿಯುತ್ತದೆಂದು.

ಕಡತದ ಇನ್ನೊಂದು ವಿವರ ಹೇಳಲೇಬೇಕು. ಹಾರ್ವರ್ಡ್‌ನಲ್ಲಿ ಅರ್ಜಿಗಳನ್ನು ಭೂಪ್ರದೇಶವಾರು ಕಟ್ಟು ಕಟ್ಟುತ್ತಾರೆ. ಮೊದಲು ಓದುವವರು ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ಶಾಲೆಯ ಶಿಫಾರಸು, ವ್ಯಕ್ತಿತ್ವ, ಒಟ್ಟಾರೆ ಎಂಬ ಆರು ತಲೆಬರಹಗಳಲ್ಲಿ ಒಂದರಿಂದ ಆರರವರೆಗೆ ದರ್ಜೆ ಕೊಡುತ್ತಾರೆ. ಒಂದು ಎಂದರೆ ಉತ್ತಮೋತ್ತಮ. ಆಮೇಲೆ ಉಪಸಮಿತಿ, ಅದಾದ ಮೇಲೆ ನಲವತ್ತು ಮಂದಿಯ ಪೂರ್ಣ ಸಮಿತಿ. ಒಬ್ಬೊಬ್ಬ ಅಭ್ಯರ್ಥಿಯ ಮೇಲೂ ಮತ ಹಾಕುತ್ತಾರೆ. ಇಷ್ಟೆಲ್ಲ ಆಗಿ ಪಟ್ಟಿ ಸೀಟುಗಳಿಗಿಂತ ಉದ್ದವಾದರೆ ಕೊನೆಗೊಂದು ಕತ್ತರಿ ಪ್ರಯೋಗ. ಅದಕ್ಕೆ ಅವರಿಟ್ಟ ಹೆಸರು ‘ಲಾಪ್’. ಕತ್ತರಿಗೆ ಸಿಕ್ಕ ಹೆಸರುಗಳ ಮುಂದೆ ಆಗ ಇರುತ್ತಿದ್ದ ಮಾಹಿತಿ ನಾಲ್ಕೇ ಎಂದು ಸುಪ್ರೀಂ ಕೋರ್ಟಿನ ತೀರ್ಪು ದಾಖಲಿಸಿದೆ: ಲೆಗಸಿಯೇ, ಆಯ್ದ ಆಟಗಾರನೇ, ಹಣದ ನೆರವಿಗೆ ಅರ್ಹನೇ, ಜನಾಂಗ ಯಾವುದು. ಗಣಿತದಲ್ಲಿ ಎಷ್ಟು, ಪ್ರಬಂಧ ಹೇಗಿತ್ತು ಎಂಬುದು ಆ ಹಾಳೆಯಲ್ಲಿ ಇರಲಿಲ್ಲ.

ನಮಗೆ ಇದು ವಿಚಿತ್ರ ಎನಿಸುವುದು ಸಹಜ. ಕೆಸಿಇಟಿ, ಜೆಇಇ, ನೀಟ್ ಯಾವುದೇ ಇರಲಿ, ನಮ್ಮಲ್ಲಿ ರ‍್ಯಾಂಕ್ ಎಂಬ ಒಂದು ಸಂಖ್ಯೆ ಇರುತ್ತದೆ. ಅದು ಪೇಪರಿನಲ್ಲಿ ಬರುತ್ತದೆ. ಕಡಿಮೆ ರ‍್ಯಾಂಕಿನವನಿಗೆ ಸೀಟು ಸಿಕ್ಕಿ ಹೆಚ್ಚಿನವನಿಗೆ ತಪ್ಪಿದರೆ ಕೋರ್ಟಿಗೆ ಹೋಗಬಹುದು. ಅಮೆರಿಕದ ದೊಡ್ಡ ಖಾಸಗಿ ಕಾಲೇಜುಗಳು ಸಂಖ್ಯೆಯನ್ನು ನೋಡುತ್ತವೆ, ಆದರೆ ಅದಕ್ಕೆ ಕಟ್ಟುಬೀಳುವುದಿಲ್ಲ. ‘ಹೋಲಿಸ್ಟಿಕ್’ ಎಂಬ ಈ ಪದ್ಧತಿಯ ಹುಟ್ಟಿನ ಹಿನ್ನೆಲೆ ಅಷ್ಟೇನೂ ಪಾವನವಲ್ಲ. 1922ರ ಹೊತ್ತಿಗೆ ಹಾರ್ವರ್ಡ್‌ಗೆ ಸೇರುವ ಹೊಸಬರಲ್ಲಿ ಐದನೇ ಒಂದಕ್ಕೂ ಹೆಚ್ಚು ಮಂದಿ ಯಹೂದಿ ಹುಡುಗರಿದ್ದರು. ಅಧ್ಯಕ್ಷ ಅಬಟ್ ಲಾರೆನ್ಸ್ ಲೋವೆಲ್ ಅದನ್ನು ಶೇ 15ಕ್ಕೆ ಇಳಿಸಲು ನೇರ ಕೋಟಾವನ್ನೇ ಪ್ರಸ್ತಾಪಿಸಿದರು. ಅಧ್ಯಾಪಕರು ಒಪ್ಪಲಿಲ್ಲ. ಮುಂದೆ 1926ರಲ್ಲಿ ಸೀಟುಗಳಿಗೆ ಮಿತಿ ಹಾಕಿ, ‘ಚಾರಿತ್ರ್ಯ’ವನ್ನೂ ಅಳೆಯುವ ಪದ್ಧತಿ ಬಂತು. ಅರ್ಜಿಗೆ ಫೋಟೊ ಅಂಟಿಸಬೇಕಾಯಿತು. ಕೋಟಾ ಎಂಬ ಹೆಸರಿಲ್ಲದೆ ಕೆಲಸ ನಡೆಯಿತು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರಲ್ಲಿ ಈ ಚರಿತ್ರೆಯನ್ನು ಒಂದು ದಪ್ಪ ಪುಸ್ತಕವಾಗಿಯೇ ಬರೆದರು. ಅದೇ ವ್ಯವಸ್ಥೆ ಮುಂದಿನ ಕಾಲದಲ್ಲಿ ಬಡವರನ್ನು, ಕಪ್ಪು ಜನರನ್ನು ಒಳಗೆ ತರಲೂ ಬಳಕೆಯಾಯಿತು ಎಂಬುದು ನಿಜ. ಯಾರನ್ನು ತರಬೇಕೆಂಬ ತೀರ್ಮಾನ ಮಾತ್ರ ಸದಾ ಸಂಸ್ಥೆಯದು. ಅವರು ಅರ್ಹರನ್ನು ಆರಿಸುತ್ತಿಲ್ಲ, ತಮಗೆ ಬೇಕಾದ ಒಂದು ತರಗತಿಯನ್ನು ಕಟ್ಟುತ್ತಿದ್ದಾರೆ. ಆ ವರ್ಷ ಅವರಿಗೆ ಬಸೂನ್ ನುಡಿಸುವವನೊಬ್ಬ ಬೇಕಾಗಿದ್ದರೆ ನಿಮ್ಮ ಮಗಳ ವೀಣೆಯಿಂದ ಪ್ರಯೋಜನವಿಲ್ಲ.

ಈಗ ವಿದೇಶಿ ಸಾಲಿಗೆ ಬರೋಣ. ಎಂಐಟಿಯ ಒಂದು ತಂಡವೆಂದರೆ ಸುಮಾರು 1,100 ಮಂದಿ. ಅದರಲ್ಲಿ ವಿದೇಶಿಯರು ಹತ್ತರಲ್ಲೊಂದು ಪಾಲು. ಅಂದರೆ ಇಡೀ ಭೂಮಿಯ ಮೇಲಿನ ಅಮೆರಿಕೇತರರಿಗೆಲ್ಲ ಸೇರಿ ನೂರು ಚಿಲ್ಲರೆ ಸೀಟು. ಅವುಗಳ ಮೇಲೆ ಕಣ್ಣಿಟ್ಟವರಲ್ಲಿ ಗಣಿತ ಒಲಿಂಪಿಯಾಡ್‌ನಲ್ಲಿ ಪದಕ ಗೆದ್ದ ಚೀನಾ, ರೊಮೇನಿಯಾ, ವಿಯೆಟ್ನಾಂ ಮಕ್ಕಳಿರುತ್ತಾರೆ. ಎಂಐಟಿಯ ಒಟ್ಟಾರೆ ದರ ಶೇ 4.5ರಷ್ಟಿದ್ದರೆ ವಿದೇಶಿಯರ ದರ ಶೇ 2ರ ಆಸುಪಾಸಿನಲ್ಲಿ ತೂಗಾಡುತ್ತದೆ. ಎಂಐಟಿ ಲೆಗಸಿ ನೋಡುವುದಿಲ್ಲ, ಹಣದ ಅಗತ್ಯವನ್ನೂ ನೋಡುವುದಿಲ್ಲ. ಇರುವುದರಲ್ಲಿ ನೇರವಾದ ಕಡೆಯೇ ಸ್ಥಿತಿ ಹೀಗಿದೆ.

ಇಡೀ ವ್ಯವಹಾರದ ಬೆನ್ನೆಲುಬು ಹಣ. ಪ್ರವೇಶದ ಸಲಹೆ ಮಾರುವ ಕನ್ಸಲ್ಟೆಂಟರು ಇದನ್ನು ಕೊನೆಗೆ ಹೇಳುತ್ತಾರೆ, ನಾನು ನಡುವೆಯೇ ಹೇಳಿಬಿಡುತ್ತೇನೆ. ಪ್ರತಿಷ್ಠಿತ ಖಾಸಗಿ ಕಾಲೇಜಿನಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 85-90 ಸಾವಿರ ಡಾಲರ್. ನಮ್ಮ ಹಣದಲ್ಲಿ ಮುಕ್ಕಾಲು ಕೋಟಿ, ನಾಲ್ಕು ವರ್ಷಕ್ಕೆ ಮೂರು ಕೋಟಿ. ಅಷ್ಟು ಕೊಡಬಲ್ಲ ಕನ್ನಡದ ಮನೆಗಳು ಎಷ್ಟಿವೆ? ಕೊಡಲಾಗದವರು ನೆರವು ಕೇಳಬೇಕು. ಕೇಳಿದ್ದರಿಂದ ಪ್ರವೇಶಕ್ಕೆ ಅಡ್ಡಿಯಾಗದ ಕಾಲೇಜುಗಳಿಗೆ ‘ನೀಡ್ ಬ್ಲೈಂಡ್’ ಎನ್ನುತ್ತಾರೆ. ವಿದೇಶಿಯರಿಗೂ ಈ ನಿಯಮ ಅನ್ವಯಿಸುವ ಕಡೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್. 2022ರಲ್ಲಿ ಡಾರ್ಟ್‌ಮತ್, ಬೌಡನ್ ಸೇರಿಕೊಂಡವು. ಆಮೇಲೆ ಬ್ರೌನ್, ನಾಟರ್ ಡೇಮ್. ಪಟ್ಟಿ ಅಲ್ಲಿಗೆ ಬಹುತೇಕ ಮುಗಿಯಿತು. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್‌ನಂಥ ಘಟಾನುಘಟಿಗಳೂ ವಿದೇಶಿಯರ ವಿಷಯದಲ್ಲಿ ‘ನೀಡ್ ಅವೇರ್’. ಎಂದರೆ ಇಬ್ಬರು ಸರಿಸಮ ಅಭ್ಯರ್ಥಿಗಳಿದ್ದು, ನೆರವಿನ ಬಜೆಟ್ಟು ಕರಗುತ್ತಾ ಬಂದಿದ್ದರೆ, ಪೂರ್ತಿ ಕಟ್ಟಬಲ್ಲವನಿಗೆ ಬಾಗಿಲು, ಕಟ್ಟಲಾಗದವನಿಗೆ ಕಾಯುವ ಪಟ್ಟಿ. ‘ಮೊದಲು ನೆರವು ಬೇಡ ಎಂದು ಬರೆದು ಒಳಹೋಗಿ, ಆಮೇಲೆ ಕೇಳಿದರಾಯಿತು’ ಎಂಬ ಉಪಾಯ ಹೇಳುವವರಿದ್ದಾರೆ. ಅರ್ಜಿಯಲ್ಲಿ ಕೇಳದ ವಿದೇಶಿಗೆ ನಾಲ್ಕು ವರ್ಷವೂ ನೆರವಿಲ್ಲ ಎಂಬುದು ಇಂಥ ಬಹುಪಾಲು ಕಾಲೇಜುಗಳ ನಿಯಮ.

ತಮಾಷೆಯೆಂದರೆ, ಸೀಟು ಸಿಗುವುದು ಅತಿ ಕಷ್ಟವಾದ ಕಾಲೇಜುಗಳೇ ಸಿಕ್ಕಮೇಲೆ ಅತಿ ಅಗ್ಗ. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ವರಮಾನದ ಕುಟುಂಬದ ವಿದ್ಯಾರ್ಥಿಗೆ ಹಾರ್ವರ್ಡ್‌ನಲ್ಲಿ ಊಟ, ವಸತಿ ಸೇರಿ ಎಲ್ಲವೂ ಉಚಿತ ಎಂದು 2025ರಲ್ಲಿ ಘೋಷಣೆಯಾಗಿದೆ. ನಮ್ಮ ಸರ್ಕಾರಿ ನೌಕರರಲ್ಲಿ ಬಹುತೇಕರು ಆ ಮಿತಿಯೊಳಗೇ ಬರುತ್ತಾರೆ. ಶಿರಸಿಯ ಮೇಷ್ಟರ ಮಗಳಿಗೆ ಹಾರ್ವರ್ಡ್ ಸಿಕ್ಕರೆ, ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಿಂತ ಕಡಿಮೆ ಖರ್ಚಿನಲ್ಲಿ ಓದು ಮುಗಿದೀತು. ಸಿಕ್ಕರೆ.

ನೆರವು ಕೇಳುವ ಫಾರಂ ಒಂದನ್ನು ಹತ್ತಿರದಿಂದ ನೋಡಬೇಕು. ಅದರ ಹೆಸರು ಸಿಎಸ್‌ಎಸ್ ಪ್ರೊಫೈಲ್. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡೇ ಇದನ್ನೂ ನಡೆಸುತ್ತದೆ. ಸಂಬಳ ಎಷ್ಟು, ಮನೆ ಸ್ವಂತದ್ದೇ, ಈಗ ಮಾರಿದರೆ ಎಷ್ಟು ಬಂದೀತು, ಸಾಲವೆಷ್ಟು, ಬೇರೆ ಆಸ್ತಿ ಏನು, ವ್ಯಾಪಾರ ಅಥವಾ ಜಮೀನು ಇದೆಯೇ ಎಂದು ಒಂದೊಂದಾಗಿ ಕೇಳುತ್ತದೆ. ಸಂಬಳದಾರರಿಗೆ ಫಾರ್ಮ್ 16 ಇದೆ, ಹೇಗೋ ಸಾಗುತ್ತದೆ. ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೂತರೆ ನೋಡಿ ಫಜೀತಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ರಿಟರ್ನ್ಸ್ ಇಲ್ಲ. ತೋಟ ಇನ್ನೂ ಅಜ್ಜನ ಹೆಸರಿನಲ್ಲಿದೆ, ಪಾಲಾಗಿಲ್ಲ. ಎಕರೆಗೆ ಇಷ್ಟು ಲಕ್ಷ ಎಂದು ಬರೆದರೆ ಕಾಗದದ ಮೇಲೆ ಕೋಟ್ಯಧೀಶ, ಎಲೆಚುಕ್ಕೆ ರೋಗ ಬಂದ ವರ್ಷ ಕೈಯಲ್ಲಿ ಕಾಸಿಲ್ಲ. ತಹಸೀಲ್ದಾರರ ಆದಾಯ ಪ್ರಮಾಣಪತ್ರದಲ್ಲಿರುವ ಮೊತ್ತಕ್ಕೂ ಸೊಸೈಟಿಗೆ ಹಾಕಿದ ಅಡಿಕೆಯ ಲೆಕ್ಕಕ್ಕೂ ತಾಳೆಯಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಕೂತ ಅಧಿಕಾರಿಗೆ ಇದನ್ನೆಲ್ಲ ವಿವರಿಸಿ ಒಂದು ಪುಟದ ಪತ್ರ ಬರೆಯಬೇಕು. ಅಂಥ ಪತ್ರವನ್ನು ಅವರು ಓದುತ್ತಾರೆ, ನಿಜ ಹೇಳಿದರೆ ಲೆಕ್ಕಕ್ಕೂ ತೆಗೆದುಕೊಳ್ಳುತ್ತಾರೆ. ಬರೆಯಬಹುದು ಎಂಬುದೇ ನಮ್ಮ ಹೆಚ್ಚಿನವರಿಗೆ ಗೊತ್ತಿಲ್ಲ.

ಪಿಯು ಓದುವ ಮಕ್ಕಳ ಪಾಡು ಇನ್ನೊಂದು. ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷದ ಅಂಕಪಟ್ಟಿ ಕೇಳುತ್ತವೆ. ಜೊತೆಗೆ ಶಾಲೆಯ ಕೌನ್ಸೆಲರ್ ಒಬ್ಬರ ಪತ್ರ, ಇಬ್ಬರು ಅಧ್ಯಾಪಕರ ಪತ್ರ, ‘ಸ್ಕೂಲ್ ಪ್ರೊಫೈಲ್’ ಎಂಬ ಪರಿಚಯ ಪತ್ರಿಕೆ. ಐಬಿ ಶಾಲೆಯಲ್ಲಿ ಇದಕ್ಕೆಂದೇ ಒಂದು ಕೊಠಡಿ, ಸಂಬಳದ ಸಿಬ್ಬಂದಿ ಇರುತ್ತಾರೆ. ನಮ್ಮ ವ್ಯವಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮಗು ಹೈಸ್ಕೂಲಿನಿಂದ ಎದ್ದು ಪಿಯು ಕಾಲೇಜಿಗೆ ಹೋಗುತ್ತದೆ. ಅಲ್ಲಿಯ ಉಪನ್ಯಾಸಕರು ಅದನ್ನು ಕಂಡಿರುವುದೇ ಒಂದೂವರೆ ವರ್ಷ, ಅದೂ ಎಂಬತ್ತು ಮಂದಿಯ ಸೆಕ್ಷನ್ನಿನಲ್ಲಿ. ಹೈಸ್ಕೂಲಿನ ಗಣಿತದ ಮೇಷ್ಟರಿಗೆ ಅವಳು ಚೆನ್ನಾಗಿ ಗೊತ್ತು, ಆದರೆ ಅವರ ಪತ್ರಕ್ಕೆ ತೂಕ ಕಡಿಮೆ. ಉಪನ್ಯಾಸಕರನ್ನು ಹಿಡಿದು, ಕಾಲೇಜಿನ ಹೆಸರಿನ ಇಮೇಲ್ ಇಲ್ಲದ ಅವರಿಂದ ಪೋರ್ಟಲ್‌ಗೆ ಲಾಗಿನ್ ಮಾಡಿಸಿ ಪತ್ರ ಬರೆಸಿದರೆ ಬರುವುದು ‘ಈಕೆ ಶಿಸ್ತಿನ, ವಿಧೇಯ, ಸಮಯಪಾಲನೆಯ ವಿದ್ಯಾರ್ಥಿನಿ. ನಡತೆ ತೃಪ್ತಿಕರ.’ ಟಿ.ಸಿ. ಭಾಷೆ. ತರಗತಿಯಲ್ಲಿ ಅವಳು ಕೇಳಿದ ಒಂದು ಪ್ರಶ್ನೆ, ಬಿಡಿಸಲಾಗದೆ ಮಾರನೇ ದಿನ ಹಿಡಿದು ತಂದ ಒಂದು ಲೆಕ್ಕ ಇಂಥದ್ದು ಆ ಪತ್ರದಲ್ಲಿ ಇರಬೇಕೆಂದು ಉಪನ್ಯಾಸಕರಿಗೆ ಯಾರೂ ಹೇಳಿರುವುದಿಲ್ಲ. ಅವರದೇನೂ ತಪ್ಪಿಲ್ಲ.

ಈ ಅಂತರವನ್ನು ತುಂಬುತ್ತೇವೆಂದು ಹುಟ್ಟಿಕೊಂಡವರು ಕನ್ಸಲ್ಟೆಂಟರು. ಇಂದಿರಾನಗರ, ಕೋರಮಂಗಲಗಳಲ್ಲಿ ಅವರ ಶುಲ್ಕ ಲಕ್ಷಗಳಲ್ಲಿದೆ. ಎಂಟನೇ ತರಗತಿಯಿಂದಲೇ ‘ಪ್ರೊಫೈಲ್ ಬಿಲ್ಡಿಂಗ್’ ಶುರು. ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ, ಒಂದೊಂದರ ವಿವರಣೆಗೆ 150 ಅಕ್ಷರ. ಆ ಹತ್ತು ಖಾನೆ ತುಂಬಲು ನಡೆಯುವ ಸಾಹಸ ನೋಡಬೇಕು. ಹದಿನಾರು ವರ್ಷಕ್ಕೇ ಎನ್‌ಜಿಒ ಸಂಸ್ಥಾಪಕ. ಸ್ಲಮ್ಮಿನ ಮಕ್ಕಳಿಗೆ ಎರಡು ಭಾನುವಾರ ಕೋಡಿಂಗ್ ಪಾಠ, ಮೂರನೆಯ ಭಾನುವಾರ ವೆಬ್‌ಸೈಟ್ ಉದ್ಘಾಟನೆ. ದುಡ್ಡು ಕೊಟ್ಟರೆ ಪ್ರಕಟವಾಗುವ ‘ಸಂಶೋಧನಾ ಪ್ರಬಂಧ’. ಅಮೆರಿಕದ ವಿಶ್ವವಿದ್ಯಾಲಯದ ಆವರಣವನ್ನು ಬಾಡಿಗೆಗೆ ಹಿಡಿದು ನಡೆಸುವ ಬೇಸಿಗೆ ಶಿಬಿರ, ಸರ್ಟಿಫಿಕೇಟಿನಲ್ಲಿ ಆ ವಿಶ್ವವಿದ್ಯಾಲಯದ ಹೆಸರು. ವರ್ಷಕ್ಕೆ ಸಾವಿರಾರು ಅರ್ಜಿ ಓದುವವರಿಗೆ ಇದರ ವಾಸನೆ ಗೊತ್ತಿಲ್ಲ ಎಂದುಕೊಳ್ಳುವುದು ನಮ್ಮ ಮುಗ್ಧತೆ. 650 ಪದಗಳ ಪ್ರಬಂಧವನ್ನು ನಲವತ್ತೈದು ವರ್ಷದವರು ತಿದ್ದಿ ತೀಡಿದ್ದಾರೆಂಬುದು ಎರಡನೇ ಸಾಲಿಗೇ ತಿಳಿಯುತ್ತದೆ. ದಿನಾ ಸಂಜೆ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಉದ್ರಿ ಪುಸ್ತಕ ಬರೆಯುವುದೂ ಆ ಹತ್ತು ಖಾನೆಗಳಲ್ಲಿ ನಮೂದಿಸಬಹುದಾದ ಚಟುವಟಿಕೆಯೇ. ಮನೆಯ ಜವಾಬ್ದಾರಿಗೆಂದೇ ಅಲ್ಲಿ ಪ್ರತ್ಯೇಕ ವರ್ಗವಿದೆ. ನಮ್ಮ ಮಕ್ಕಳು ನಾಚಿಕೆಯಿಂದ ಅದನ್ನು ಬಿಟ್ಟು ಎನ್‌ಜಿಒ ಹುಡುಕುತ್ತಾರೆ.

ಶ್ರೀಮಂತಿಕೆ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಅಂಕಿಗಳೂ ಇವೆ. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತವರ ಸಂಗಡಿಗರು 2023ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಒಂದೇ ಪರೀಕ್ಷಾಂಕ ಪಡೆದ ಅಮೆರಿಕನ್ ಮಕ್ಕಳಲ್ಲಿ ಅತಿ ಸಿರಿವಂತ ಶೇ 1ರ ಮನೆಯವರಿಗೆ ಮಧ್ಯಮ ವರ್ಗದವರಿಗಿಂತ ಇಂಥ ಕಾಲೇಜುಗಳಲ್ಲಿ ಸೀಟು ಸಿಗುವ ಸಾಧ್ಯತೆ ದುಪ್ಪಟ್ಟಿಗೂ ಹೆಚ್ಚು. 2019ರಲ್ಲಿ ಎಫ್‌ಬಿಐ ಬಯಲಿಗೆಳೆದ ‘ವಾರ್ಸಿಟಿ ಬ್ಲೂಸ್’ ಹಗರಣದಲ್ಲಿ ಹಾಲಿವುಡ್ ನಟಿಯೊಬ್ಬರೇ ಲಂಚ ಕೊಟ್ಟು ಮಕ್ಕಳನ್ನು ನಕಲಿ ಆಟಗಾರರನ್ನಾಗಿ ಒಳತೂರಿಸಲು ಹೊರಟಿದ್ದರು. ನಮ್ಮವರೂ ಹಿಂದೆ ಬಿದ್ದಿಲ್ಲ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಭಾರತದ ಹುಡುಗನೊಬ್ಬ ಸಿಕ್ಕಿಬಿದ್ದ. ಅಂಕಪಟ್ಟಿ ನಕಲಿ, ಹಣಕಾಸಿನ ದಾಖಲೆ ನಕಲಿ, ಬದುಕಿದ್ದ ಅಪ್ಪನಿಗೆ ಮರಣ ಪ್ರಮಾಣಪತ್ರವನ್ನೂ ಸೃಷ್ಟಿಸಿದ್ದ. ಹೆಸರು ಮುಚ್ಚಿಕೊಂಡು ಆನ್‌ಲೈನಿನಲ್ಲಿ ತಾನೇ ಬರೆದುಕೊಂಡದ್ದರಿಂದ ಸುಳಿವು ಸಿಕ್ಕಿತು. ಬಂಧನ, ವಿಚಾರಣೆ, ಊರಿಗೆ ವಾಪಸು. ಇಂಥದ್ದೊಂದು ನಡೆದರೆ ಮುಂದಿನ ವರ್ಷ ಭಾರತದ ಪ್ರಾಮಾಣಿಕ ಅರ್ಜಿಗಳ ಮೇಲೂ ಒಂದು ಅನುಮಾನದ ಕಣ್ಣು ಬೀಳುತ್ತದೆ.

‘ಇಪ್ಪತ್ತು ಕಡೆ ಹಾಕಿಬಿಡೋಣ, ಒಂದಾದರೂ ಬಿದ್ದೀತು’ ಎನ್ನುವುದು ಮನೆಮನೆಯ ಲೆಕ್ಕ. ಕಾಮನ್ ಆ್ಯಪ್‌ನಲ್ಲಿ ಇಪ್ಪತ್ತು ಕಾಲೇಜಿಗೆ ಅವಕಾಶವಿದೆ. ಪ್ರತಿಯೊಂದರಲ್ಲೂ ಶೇ 4 ಎಂದಿಟ್ಟುಕೊಂಡು ಸಂಭಾವ್ಯತೆಯ ಸೂತ್ರ ಹಾಕಿದರೆ ಒಂದಾದರೂ ಸಿಗುವ ಸಾಧ್ಯತೆ ಶೇ 56 ಬರುತ್ತದೆ. ಪಿಯು ಗಣಿತ ಗೊತ್ತಿದ್ದ ಮಗ ಇದನ್ನು ಕಾಗದದ ಮೇಲೆ ಮಾಡಿ ಅಪ್ಪನಿಗೆ ತೋರಿಸುತ್ತಾನೆ. ಸೂತ್ರ ಸರಿ, ಅದನ್ನು ಅನ್ವಯಿಸಿದ್ದು ತಪ್ಪು. ಒಂದೊಂದು ಕಾಲೇಜಿನ ತೀರ್ಮಾನವೂ ಸ್ವತಂತ್ರವಾಗಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಇಪ್ಪತ್ತೂ ಕಡೆ ಹೋಗುವುದು ಅದೇ ಅಂಕಪಟ್ಟಿ, ಅದೇ ಪ್ರಬಂಧ, ಅದೇ ಪೇಲವ ಶಿಫಾರಸು, ಅದೇ ನೆರವಿನ ಕೋರಿಕೆ. ಒಂದು ಕಡೆ ಬೇಡವಾಗಲು ಇದ್ದ ಕಾರಣ ಹತ್ತೊಂಬತ್ತು ಕಡೆಯೂ ಇರುತ್ತದೆ. ಇಪ್ಪತ್ತಕ್ಕಿಪ್ಪತ್ತೂ ತಿರಸ್ಕಾರ ಬಂದ ಮನೆಗಳು ಇರುವುದು ಅದಕ್ಕೇ.

ಇದೆಲ್ಲ ಕಾಲೇಜಿನ ಮಟ್ಟದ ಮಾತಾಯಿತು. 2025ರಿಂದ ವಾಷಿಂಗ್ಟನ್ ಕೂಡ ಸಾಲಿನೊಳಗೆ ಕೈ ಹಾಕಿದೆ. ಆ ವರ್ಷ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಹಾರ್ವರ್ಡ್‌ಗೆ ವಿದೇಶಿಯರನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ಕಿತ್ತುಕೊಳ್ಳಲು ಹೊರಟಿತು. ನ್ಯಾಯಾಧೀಶೆ ಆಲಿಸನ್ ಬರೋಸ್ ತಡೆಯಾಜ್ಞೆ ಕೊಟ್ಟರು. ಬಾಸ್ಟನ್ನಿನ ಆ ಹಳೆಯ ಪ್ರವೇಶ ದಾವೆಯನ್ನು ಕೇಳಿದ್ದೂ ಅವರೇ. ಮೇ ಕೊನೆಯಲ್ಲಿ ಜಗತ್ತಿನಾದ್ಯಂತ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳು ನಿಂತವು, ಜೂನಿನಲ್ಲಿ ಮತ್ತೆ ಶುರುವಾದಾಗ ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಬಹಿರಂಗವಾಗಿಡಬೇಕೆಂಬ ಷರತ್ತು ಸೇರಿತ್ತು. ಅಕ್ಟೋಬರಿನಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳ ಮುಂದೆ ಒಂದು ಒಪ್ಪಂದ ಇಟ್ಟರು: ಪದವಿ ತರಗತಿಯಲ್ಲಿ ವಿದೇಶಿಯರು ಶೇ 15 ಮೀರಬಾರದು, ಯಾವುದೇ ಒಂದು ದೇಶದವರು ಶೇ 5 ದಾಟಬಾರದು. ಮೊದಲು ಒಲ್ಲೆ ಎಂದದ್ದು ಎಂಐಟಿ. ಶೇ 5ರ ಆ ಗೆರೆ ಯಾರನ್ನು ಉದ್ದೇಶಿಸಿ ಎಳೆದದ್ದು ಎಂಬುದು ಭಾರತ, ಚೀನಾಗಳಿಗೆ ಚೆನ್ನಾಗಿ ಗೊತ್ತು. ಆ ವರ್ಷದ ಶರತ್ಕಾಲದಲ್ಲಿ ಅಮೆರಿಕಕ್ಕೆ ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ 17ರಷ್ಟು ಕುಸಿಯಿತು.

ಸೀಟು ಸಿಕ್ಕಿದ ಮೇಲೂ ಚೆನ್ನೈಗೋ ಹೈದರಾಬಾದಿಗೋ ರೈಲು ಹತ್ತಿ ವೀಸಾ ಕಿಟಕಿಯ ಮುಂದೆ ನಿಲ್ಲಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಕೆಲಸ ಆಗ ಅದರ ಜೊತೆಗೆ ಬರಲಿಲ್ಲ. ಓದಲು ಬಂದವನು ಅಲ್ಲೇ ಉಳಿಯುವ ಉದ್ದೇಶದವನೆಂದೇ ಅಮೆರಿಕದ ಕಾನೂನು ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ಎರಡು-ಮೂರು ನಿಮಿಷದ ಮಾತಿನಲ್ಲಿ ಸಾಬೀತುಪಡಿಸುವುದು ಹದಿನೆಂಟರ ಹುಡುಗನ ಕೆಲಸ. ಆ ಕಾನೂನಿನ 214(ಬಿ) ಕಲಮಿನಡಿ ವೀಸಾ ನಿರಾಕರಿಸಿದ ಚೀಟಿ ಕೈಗೆ ಬಂದರೆ ಹಾರ್ವರ್ಡ್ ಪತ್ರವೂ ಫ್ರೇಮ್ ಹಾಕಿಸುವುದಕ್ಕಷ್ಟೇ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಆದರೆ ಅದು ಎಲ್ಲರ ಬಾಯಲ್ಲಿರುವ ಹತ್ತು ಹೆಸರುಗಳಿಂದ ಸ್ವಲ್ಪ ಆಚೆಗಿದೆ. ಪುಣೆಯ ಹತ್ತಿರದ ಗುಡ್ಡದ ಮೇಲೆ 1997ರಿಂದ ಯುನೈಟೆಡ್ ವರ್ಲ್ಡ್ ಕಾಲೇಜ್ ಮಹೀಂದ್ರ ನಡೆಯುತ್ತಿದೆ. ಹತ್ತನೇ ತರಗತಿ ಆದವರು ಅಲ್ಲಿ ಎರಡು ವರ್ಷ ಓದಬಹುದು, ಹಣವಿಲ್ಲದವರಿಗೆ ನೆರವುಂಟು. ಯುನೈಟೆಡ್ ವರ್ಲ್ಡ್ ಕಾಲೇಜುಗಳಲ್ಲಿ ಓದಿ ಬಂದವರಿಗೆ ನೆರವು ಕೊಡುವ ಅಮೆರಿಕದ ಕಾಲೇಜುಗಳಿಗೆ ಡೇವಿಸ್ ಎಂಬ ದಾನಿ ಕುಟುಂಬ 2000ದಿಂದ ಹಣ ಕೊಡುತ್ತಾ ಬಂದಿದೆ. ಎಸ್ಸೆಸ್ಸೆಲ್ಸಿ ಮಕ್ಕಳ ಮನೆಯವರು ಎಷ್ಟು ಮಂದಿ ಈ ಹೆಸರು ಕೇಳಿದ್ದಾರೆ? ಕಾರ್ನೆಲ್‌ನಲ್ಲಿ ಟಾಟಾ ಟ್ರಸ್ಟಿನ ದತ್ತಿಯಿಂದ ಭಾರತೀಯರಿಗಷ್ಟೇ ಮೀಸಲಾದ ವಿದ್ಯಾರ್ಥಿವೇತನವಿದೆ, ಯಾವುದೇ ಕಾಲಕ್ಕೆ ಸುಮಾರು ಇಪ್ಪತ್ತು ಮಂದಿಗೆ. ಮಿನ್ನೆಸೊಟಾದ ಮೆಕಾಲಿಸ್ಟರ್, ಅಯೋವಾದ ಗ್ರಿನೆಲ್‌ನಂಥ ಚಿಕ್ಕ ಕಾಲೇಜುಗಳು ವಿದೇಶಿಯರಿಗೆ ಧಾರಾಳವಾಗಿ ಕೊಡುತ್ತವೆ. ಘಾನಾದ ಕೋಫಿ ಅನ್ನಾನ್ ಓದಿದ್ದು ಮೆಕಾಲಿಸ್ಟರ್‌ನಲ್ಲಿ, ಆಮೇಲೆ ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯಾದರು. ಕೆಂಟಕಿಯ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕವನ್ನೇ ತೆಗೆದುಕೊಂಡಿಲ್ಲ, ಬದಲಿಗೆ ಪ್ರತಿ ವಿದ್ಯಾರ್ಥಿಯೂ ಆವರಣದಲ್ಲಿ ಏನಾದರೊಂದು ಕೆಲಸ ಮಾಡಬೇಕು. ‘ಗ್ರಿನೆಲ್ಲಾ? ಕೇಳೇ ಇಲ್ಲವಲ್ಲ’ ಎನ್ನುವ ನೆಂಟರಿಗಾಗಿ ನಾವು ಇವನ್ನು ಬಿಡುತ್ತೇವೆ.

ಇಲ್ಲಿ ಸಲಹೆ ಕೊಡುವ ನೆಂಟರ ಬಗ್ಗೆಯೂ ಒಂದು ಮಾತು. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602, ಎಲ್ಲ ದೇಶಗಳಿಗಿಂತ ಹೆಚ್ಚು. ಅವರಲ್ಲಿ ಪದವಿ ತರಗತಿಯವರು 36,053 ಮಾತ್ರ. ಉಳಿದವರು ಬಹುತೇಕ ಎಂ.ಎಸ್., ಪಿಎಚ್.ಡಿ. ಅಥವಾ ಓದು ಮುಗಿಸಿ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯ ಮೇಲೆ ದುಡಿಯುತ್ತಿರುವವರು. ಸುರತ್ಕಲ್ಲಿನಿಂದ ಎಂ.ಎಸ್.ಗೆ ಹೋದ ಚಿಕ್ಕಪ್ಪನಿಗೆ ಗೊತ್ತಿರುವ ಅಮೆರಿಕ ಬೇರೆ. ಅಲ್ಲಿ ವಿಭಾಗದ ಪ್ರಾಧ್ಯಾಪಕರು ಅಂಕ, ಪ್ರಾಜೆಕ್ಟು ನೋಡಿ ತೆಗೆದುಕೊಂಡರು. ಫುಟ್‌ಬಾಲ್ ಕೋಚು, ದಾನಿಯ ಮೊಮ್ಮಗ ಆ ಲೆಕ್ಕದಲ್ಲಿ ಬರುವುದಿಲ್ಲ.

ಅದರಿಂದಲೇ ನನ್ನ ಅಭಿಪ್ರಾಯವೂ ಇದು. ವಿಜ್ಞಾನವೇ ಬೇಕೆನ್ನುವ, ಮನೆಯಲ್ಲಿ ಮೂರು ಕೋಟಿ ಇಲ್ಲದ ಹುಡುಗಿಗೆ ನಮ್ಮ ಐಐಎಸ್‌ಸಿಯ ನಾಲ್ಕು ವರ್ಷದ ಪದವಿ ಮಾಡಿ ಆಮೇಲೆ ಪಿಎಚ್.ಡಿ.ಗೆ ಹೋಗುವುದು ಎಂಐಟಿಗೆ ಹೋಗುವ ಹೆಚ್ಚು ನಂಬಬಹುದಾದ ಹಾದಿ. ಅಲ್ಲಿನ ವಿಜ್ಞಾನದ ಪಿಎಚ್.ಡಿ.ಗೆ ಶುಲ್ಕ ಮಾಫಿ, ಮೇಲೆ ಸ್ಟೈಪೆಂಡ್. ಕಲೆ, ಸಾಹಿತ್ಯ, ಅರ್ಥಶಾಸ್ತ್ರಗಳನ್ನು ಬೆರೆಸಿ ಓದಬೇಕೆನ್ನುವವರಿಗೆ ಮಾತ್ರ ಆ ಚಿಕ್ಕ ಕಾಲೇಜುಗಳು ಕೊಡುವುದು ನಮ್ಮಲ್ಲಿ ಇನ್ನೂ ಸುಲಭಕ್ಕೆ ಸಿಗುವುದಿಲ್ಲ. ಅಂಥವರು ಪ್ರಯತ್ನಿಸಲೇಬೇಕು.

ಮಗು ಈಗ ಹನ್ನೊಂದನೇ ತರಗತಿಯಲ್ಲಿದ್ದರೆ ಕನ್ಸಲ್ಟೆಂಟರಿಗೆ ಮುಂಗಡ ಕೊಡುವ ಮುನ್ನ ಗಂಡ-ಹೆಂಡತಿ ಕೂತು ವರ್ಷಕ್ಕೆ ಎಷ್ಟು ಕೊಡಬಲ್ಲೆವು ಎಂಬ ಒಂದು ಮೊತ್ತ ಬರೆಯಿರಿ, ಸಾಲ ಬೇರೆ, ಸ್ವಂತದ್ದು ಬೇರೆ. ಅದನ್ನು ಮಗುವಿಗೂ ತೋರಿಸಿ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ವಿದೇಶಿಯರ ಹಣದ ನೆರವಿಗೆಂದು ಒಂದು ಪುಟ ಇರುತ್ತದೆ. ‘ನೀಡ್ ಬ್ಲೈಂಡ್’ ಹೌದೋ ಅಲ್ಲವೋ ಎಂಬುದು ಅಲ್ಲೇ ಬರೆದಿರುತ್ತದೆ, ಅದನ್ನು ಓದಿದ ಮೇಲೆ ಪಟ್ಟಿ ಮಾಡಿ. ಅಮೆರಿಕ ಸರ್ಕಾರದ ಎಜುಕೇಷನ್‌ಯುಎಸ್‌ಎ ಕೇಂದ್ರಗಳ ಮಾರ್ಗದರ್ಶನ ಪಡೆಯಿರಿ. ಪಿಯು ಉಪನ್ಯಾಸಕರ ಬಳಿ ಜೂನಿನಲ್ಲೇ ಹೋಗಿ ಪತ್ರದ ವಿಷಯ ಮಾತಾಡಿ. ಕಾಮನ್ ಆ್ಯಪ್ ತೆರೆಯುವುದು ಆಗಸ್ಟ್ 1ಕ್ಕೆ, ಹೆಚ್ಚಿನ ಕಾಲೇಜುಗಳಿಗೆ ಕೊನೆಯ ದಿನ ಜನವರಿ ಮೊದಲ ವಾರ, ಆ ನಡುವೆ ಪಿಯು ಅರ್ಧವಾರ್ಷಿಕ ಪರೀಕ್ಷೆಯೂ ಬರುತ್ತದೆ.